ವಂಶವಾಹಿ ತಿದ್ದಿದ ಧಾನ್ಯದ ತಾಕು: ಹೊಲ ಕೊಡುವ ಮುನ್ನ

ಹೊಸ ತಳಿಯ ಪ್ರಾತ್ಯಕ್ಷಿಕೆಗೆಂದು ಐದು-ಹತ್ತು ಗುಂಟೆ ಹೊಲ ಬಿಟ್ಟುಕೊಡುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ರೈತ ಬಾಂಧವರಿಗೆ ಹೊಸತಲ್ಲ. ಇನ್ನು ಮುಂದೆ ಇಂಥ ತಾಕುಗಳಿಗೆ ವಂಶವಾಹಿ ತಿದ್ದಿದ ಧಾನ್ಯಗಳ ಬೀಜವೂ ಬರಬಹುದು. ಆಗ ಯಾವ ನಿಯಮ ಅನ್ವಯಿಸುತ್ತದೆ, ಯಾವುದು ಅನ್ವಯಿಸುವುದಿಲ್ಲ ಎಂಬುದನ್ನು ಹೊಲದ ಒಡೆಯರಾದ ನೀವು ಮೊದಲೇ ತಿಳಿದಿರುವುದು ಒಳ್ಳೆಯದು.

ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2025ರ ಮೇ 4ರಂದು ಇಂಥ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ಮೊದಲನೆಯದು ಡಿ.ಆರ್.ಆರ್. ಧಾನ್ 100, ಅಂದರೆ 'ಕಮಲಾ'. ತುಂಗಭದ್ರಾ ದಂಡೆಯ ರೈತರಿಗೆ ಚಿರಪರಿಚಿತವಾದ ಬಿ.ಪಿ.ಟಿ. 5204ರಲ್ಲಿ ಒಂದು ವಂಶವಾಹಿಯನ್ನು ತಿದ್ದಿ ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆ ಇದನ್ನು ಪಡೆದಿದೆ. ಪರಿಷತ್ತಿನ ಹೇಳಿಕೆಯಂತೆ ಇಳುವರಿ ಶೇ. 19ರಷ್ಟು ಹೆಚ್ಚು, ಕೊಯ್ಲು ಸುಮಾರು 20 ದಿನ ಮುಂಚೆ. ಇನ್ನೊಂದು ಎಂ.ಟಿ.ಯು. 1010ರಿಂದ ಪಡೆದ ಪೂಸಾ ಡಿ.ಎಸ್.ಟಿ. 1, ಬರ ಮತ್ತು ಚೌಳನ್ನು ತಡೆಯಲೆಂದು ಮಾಡಿದ್ದು. ಈ ಅಂಕಿಗಳನ್ನು ಕುಲಾಂತರಿ ಬೆಳೆ ವಿರೋಧಿಸುವ ಸಂಘಟನೆಗಳು ಅದೇ ವರ್ಷ ಪ್ರಶ್ನಿಸಿದವು, ಪರಿಷತ್ತು ಆಕ್ಷೇಪವನ್ನು ಅಲ್ಲಗಳೆಯಿತು. ನನ್ನ ಅಭಿಪ್ರಾಯದಲ್ಲಿ ಇಂಥ ವಾದ ತೀರುವುದು ಹಳೆಯ ತಳಿಯನ್ನೂ ಹೊಸದನ್ನೂ ರೈತರ ಗದ್ದೆಯಲ್ಲೇ ಪಕ್ಕಪಕ್ಕ ಬೆಳೆದು ತೂಗಿದಾಗ. ಪ್ರಾತ್ಯಕ್ಷಿಕೆ ಬೇಕಾಗಿರುವುದೂ ಅದಕ್ಕೇ.

ಇದಕ್ಕೂ ಕುಲಾಂತರಿ ಬೆಳೆಗೂ ವ್ಯತ್ಯಾಸವಿದೆ. ಬಿ.ಟಿ. ಹತ್ತಿಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾದ ವಂಶವಾಹಿಯನ್ನು ತಂದು ಸೇರಿಸಲಾಗಿದೆ. ತಿದ್ದಿದ ತಳಿಯಲ್ಲಿ ಗಿಡದ ಸ್ವಂತ ವಂಶವಾಹಿಯನ್ನೇ ಗೊತ್ತಾದ ಜಾಗದಲ್ಲಿ ಕತ್ತರಿಸಿ ಬದಲಾಯಿಸುತ್ತಾರೆ. ಕತ್ತರಿಸುವ ಸಾಧನ ಮಾತ್ರ ಸಾಮಾನ್ಯವಾಗಿ ಹೊರಗಿನಿಂದ ಬಂದದ್ದೇ. ಆದುದರಿಂದ ಮುಂದಿನ ಪೀಳಿಗೆಗಳಲ್ಲಿ, ತಿದ್ದುಪಡಿ ಉಳಿದು 'ಕತ್ತರಿ' ಉಳಿಯದ ಸಸಿಗಳನ್ನು ಹುಡುಕಿ ಆರಿಸಿಕೊಳ್ಳುತ್ತಾರೆ.

ಕಾನೂನು ನೋಡುವುದೂ ಇದನ್ನೇ. ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಮಾಡಿದ ನಿಯಮಗಳ ಪೈಕಿ 7ರಿಂದ 11ರವರೆಗಿನವು, ಹೊರಗಿನ ಡಿ.ಎನ್.ಎ. ಉಳಿಯದ ಇಂಥ ಗಿಡಗಳಿಗೆ ಬೇಡವೆಂದು ಕೇಂದ್ರ ಸರ್ಕಾರ 2022ರ ಮಾರ್ಚ್ 30ರಂದು ಆದೇಶಿಸಿತು. ಆದರೆ ಉಳಿದಿಲ್ಲವೆಂದು ಬಾಯಲ್ಲಿ ಹೇಳಿದರೆ ಸಾಲದು. ಸಂಸ್ಥೆ ಪರೀಕ್ಷೆ ಮಾಡಿ ತೋರಿಸಬೇಕು, ಅದರ ಜೈವಿಕ ಸುರಕ್ಷತಾ ಸಮಿತಿ ಒಪ್ಪಿ ಕೇಂದ್ರದ ಸಮಿತಿಗೆ ತಿಳಿಸಬೇಕು. ಅಲ್ಲಿಯವರೆಗೆ ಆ ಗಿಡ ಹೊರಗಿನ ಹೊಲಕ್ಕೆ ಬರುವಂತಿಲ್ಲ. ಬಂದ ಮೇಲೆ ಅದು ಇತರ ಹೊಸ ತಳಿಗಳಂತೆಯೇ. ಬೇರೆ ಜೀವಿಯ ವಂಶವಾಹಿಯನ್ನು ಸೇರಿಸಿದ್ದರೆ ಮಾತ್ರ ಕುಲಾಂತರಿಯ ಲೆಕ್ಕ: ಕೇಂದ್ರದ ಅನುಮತಿ, ರಾಜ್ಯದ ಒಪ್ಪಿಗೆ ಎರಡೂ ಬೇಕು.

ಕಾನೂನಿನ ವಿನಾಯಿತಿ ಗಾಳಿಗೆ ಗೊತ್ತಿಲ್ಲ. ಭತ್ತ, ರಾಗಿ, ನವಣೆ ತಮ್ಮ ಹೂವಿನ ಪರಾಗದಿಂದಲೇ ಕಾಳು ಕಟ್ಟುವ ಬೆಳೆಗಳು. ಬೀಜೋತ್ಪಾದನೆಯಲ್ಲಿ ಇವುಗಳಿಗೆ 3 ಮೀಟರ್ ಅಂತರ ಸಾಕು. ಮೆಕ್ಕೆಜೋಳದ ರೀತಿ ಬೇರೆ. ಒಂದು ಗಿಡದ ಸೂಲಂಗಿಯಿಂದ ಉದುರಿದ ಪುಡಿ ಬದು ದಾಟಿ ಇನ್ನೊಬ್ಬರ ತೆನೆಗೆ ಹೋಗುತ್ತದೆ. ಪ್ರಮಾಣಿತ ಹೈಬ್ರಿಡ್ ಬೀಜಕ್ಕೆ 200 ಮೀಟರ್, ಕಾಳಿನ ಬಣ್ಣ ಬೇರೆಯಾದರೆ 300 ಮೀಟರ್ ದೂರ ಕೇಳುವುದು ಆ ಕಾರಣಕ್ಕೆ. ಜೋಳ ಇವೆರಡರ ನಡುವಿನದು. ಮೇಲಾಗಿ ಬದುವಿನಲ್ಲಿ ಬೆಳೆಯುವ ಜಾನ್ಸನ್ ಹುಲ್ಲಿನೊಡನೆಯೂ ಕೂಡುವುದರಿಂದ ಅದರಿಂದ 400 ಮೀಟರ್ ದೂರವಿರಬೇಕು. ಮಳೆಯಾಶ್ರಯದ ನಮ್ಮ ಸಣ್ಣ ಹಿಡುವಳಿಗಳಲ್ಲಿ 200 ಮೀಟರೆಂದರೆ ಎಷ್ಟು ಜನರ ಹೊಲ ಬರುತ್ತದೆ, ನೀವೇ ಎಣಿಸಿ. ಭತ್ತದ ತಾಕಿಗೆ ಒಪ್ಪಿದಷ್ಟು ಸುಲಭವಾಗಿ ಮೆಕ್ಕೆಜೋಳದ ತಾಕಿಗೆ ಒಪ್ಪಬಾರದೆಂದು ನಾನು ಹೇಳುವುದು ಇದಕ್ಕಾಗಿ.

ತಿಳಿಸದೆ ಮಾಡಿದ ಪ್ರಯೋಗಕ್ಕೆ ಏನಾಗುತ್ತದೆಂಬುದನ್ನು ಈ ಭಾಗ ಕಂಡಿದೆ. 1998ರ ಕೊನೆಯಲ್ಲಿ ರಾಯಚೂರು ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಬಿ.ಟಿ. ಹತ್ತಿಯ ಪ್ರಯೋಗ ತಾಕುಗಳನ್ನು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ ಕಿತ್ತು ಸುಟ್ಟಿತು. ಹೊಲ ಕೊಟ್ಟ ರೈತನಿಗೇ ಬೀಜ ಎಂಥದೆಂದು ಹೇಳಿರಲಿಲ್ಲ ಎಂಬುದು ಆಗಿನ ದೊಡ್ಡ ದೂರು. 2002ರಲ್ಲಿ ಅದೇ ಹತ್ತಿಗೆ ಪರವಾನಗಿ ದೊರೆಯಿತು, ಎಲ್ಲೆಡೆ ಹರಡಿತು. ಆದರೂ ಆ ದೂರು ನ್ಯಾಯವಾದುದೇ. ವಿನಾಯಿತಿ ಇದೆಯೆಂದು ತಾಕಿನ ಫಲಕವನ್ನು ತೆಗೆದಿಡುವುದು ಸರಿಯಲ್ಲ.

ಆದುದರಿಂದ ಸಹಿ ಹಾಕುವ ಮುನ್ನ ಇವನ್ನು ಕನ್ನಡದಲ್ಲಿ ಬರೆಸಿಕೊಳ್ಳಿ: ತಳಿಯ ಹೆಸರು, ಏನನ್ನು ತಿದ್ದಿದೆ, ವಿನಾಯಿತಿ ಪತ್ರದ ಪ್ರತಿ, ಕಾಳು ಯಾರಿಗೆ ಸೇರಬೇಕು, ಬೆಳೆ ಕೆಟ್ಟರೆ ಪರಿಹಾರ ಎಷ್ಟು. ಬಿಡುಗಡೆಯಾಗದ ತಳಿಯಾದರೆ ಕಾಳನ್ನು ಕಣದಲ್ಲಿ ಬೆರೆಸಬೇಡಿ, ಬೀಜಕ್ಕೆ ಎತ್ತಿಡಬೇಡಿ. ಸುತ್ತಲಿನ ಹೊಲದವರನ್ನು ಬಿತ್ತನೆಗೆ ಮೊದಲೇ ಕರೆದು ತಿಳಿಸಿ. ಮೆಕ್ಕೆಜೋಳವಾದರೆ ಅವರು ಬಿತ್ತುವ ದಿನ ಕೇಳಿಕೊಂಡು, ಎರಡೂ ಬೆಳೆ ಒಟ್ಟಿಗೆ ಹೂವಿಗೆ ಬಾರದಂತೆ ತಾಕಿನ ಬಿತ್ತನೆಯನ್ನು ಮೂರು ವಾರವಾದರೂ ಹಿಂದೆ ಮುಂದೆ ಮಾಡಿಸಿ.