ವಿರೋಧವೊಂದೇ ನಂಟಾದಾಗ



ಚುನಾವಣೆಗೆ ಮುನ್ನ ಪಕ್ಷಗಳು ಕೈಜೋಡಿಸುವುದನ್ನೂ, ಗೆದ್ದ ಮೇಲೆ ಮುಖ ತಿರುಗಿಸುವುದನ್ನೂ ನೀವು ಕಂಡಿದ್ದೀರಿ. ನೆರೆಯ ಪಾಕಿಸ್ತಾನದ ಬಲಪಂಥೀಯ ಮೈತ್ರಿಕೂಟ 'ಇಸ್ಲಾಮಿ ಜಮ್ಹೂರಿ ಇತ್ತಿಹಾದ್'ನ ಕಥೆಯೂ ಇಂಥದ್ದೇ.

1988ರ ಆಗಸ್ಟ್‌ನಲ್ಲಿ ಜನರಲ್ ಝಿಯಾ ವಿಮಾನ ದುರಂತದಲ್ಲಿ ಮೃತಪಟ್ಟರು. ಚುನಾವಣೆ ಬಂತು. ಬೆನಝೀರ್ ಭುಟ್ಟೋರ ಪೀಪಲ್ಸ್ ಪಾರ್ಟಿಯನ್ನು ತಡೆಯಲು ಮುಸ್ಲಿಮ್ ಲೀಗ್, ಜಮಾಅತೆ ಇಸ್ಲಾಮಿ ಸೇರಿದಂತೆ ಒಂಬತ್ತು ಪಕ್ಷಗಳು ಒಂದಾದವು. ಈ ಕೂಟವನ್ನು ಕಟ್ಟಿದ್ದು ತಾನೇ ಎಂದು ಆಗಿನ ಐಎಸ್‌ಐ ಮುಖ್ಯಸ್ಥ ಹಮೀದ್ ಗುಲ್ ನಂತರ ಬಹಿರಂಗವಾಗಿ ಒಪ್ಪಿಕೊಂಡರು. ಆದರೂ ಪ್ರಧಾನಿಯಾದದ್ದು ಬೆನಝೀರ್.

1990ರ ಆಗಸ್ಟ್‌ನಲ್ಲಿ ಅಧ್ಯಕ್ಷರು ಅವರ ಸರಕಾರವನ್ನು ವಜಾ ಮಾಡಿದರು. ಅಕ್ಟೋಬರ್ ಚುನಾವಣೆಯಲ್ಲಿ ಮೈತ್ರಿಕೂಟ 100ಕ್ಕೂ ಹೆಚ್ಚು ಸ್ಥಾನ ಗೆದ್ದಿತು. ನವಾಝ್ ಶರೀಫ್ ಪ್ರಧಾನಿಯಾದರು. ಎದುರಾಳಿ ಸೋತ ಮೇಲೆ ಒಟ್ಟಿಗಿರಲು ಕಾರಣವೇ ಉಳಿಯಲಿಲ್ಲ. ಕೊಲ್ಲಿ ಯುದ್ಧದ ಬಗ್ಗೆ, ಅಫ್ಘಾನಿಸ್ತಾನದ ಬಗ್ಗೆ ಒಳಗೇ ಜಗಳ ಶುರುವಾಯಿತು. 1992ರಲ್ಲಿ ಜಮಾಅತೆ ಇಸ್ಲಾಮಿ ಹೊರನಡೆಯಿತು. 1993ರ ಚುನಾವಣೆಯ ಹೊತ್ತಿಗೆ ಕೂಟ ಚದುರಿಹೋಗಿತ್ತು. ಆ ಚುನಾವಣೆಯ ನಂತರ ಬೆನಝೀರ್ ಮತ್ತೆ ಪ್ರಧಾನಿಯಾದರು!

ಕಥೆ ಅಲ್ಲಿಗೇ ಮುಗಿಯಲಿಲ್ಲ. 1990ರ ಚುನಾವಣೆಯನ್ನು ಹಣ ಹಂಚಿ ಕೆಡಿಸಲಾಗಿತ್ತು, ಅದರಲ್ಲಿ ಸೇನೆಯ ಉನ್ನತ ಅಧಿಕಾರಿಗಳ ಕೈವಾಡವಿತ್ತು ಎಂದು 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ತೀರ್ಪಿತ್ತಿತು. ಸರತಿಯಲ್ಲಿ ನಿಂತು ಮತ ಹಾಕಿದ ಲಕ್ಷಾಂತರ ತಾಯಂದಿರಿಗೆ ಈ ಸತ್ಯ ತಲುಪಲು 22 ವರ್ಷ ಬೇಕಾಯಿತು.

ಆದ್ದರಿಂದ ಮತ ಕೇಳಲು ಬಂದವರು ಯಾರನ್ನು ಸೋಲಿಸುತ್ತೇವೆಂದು ಹೇಳಿದರೆ ಸಾಲದು. ಗೆದ್ದ ಮರುದಿನ ಎಲ್ಲರೂ ಕೂಡಿ ಏನು ಮಾಡುತ್ತೀರಿ ಎಂದೂ ಕೇಳಿ. ಉತ್ತರ ತಡವರಿಸಿದರೆ ಆ ನಂಟಿನ ಆಯುಷ್ಯ ನಿಮಗೇ ತಿಳಿಯುತ್ತದೆ.