ಆಡುವಾಟವೂ ನೋಡುವಾಟವೂ: ವಿಡಿಯೋ ಗೇಮುಗಳ ಚಲಚ್ಚಿತ್ರ ರೂಪಾಂತರ

ಕನ್ನಡದಲ್ಲಿ ‘ಆಟ’ ಎಂಬ ಮಾತು ಎರಡು ಬೇರೆ ಬೇರೆ ವ್ಯಾಪಾರಗಳಿಗೆ ಸಲ್ಲುತ್ತ ಬಂದಿದೆ. ಚೆಂಡಾಟ, ಪಗಡೆಯಾಟಗಳಲ್ಲಿ ಅದು ಆಡುವವನ ಕ್ರಿಯೆ. ಬಯಲಾಟ, ತೊಗಲುಬೊಂಬೆಯಾಟಗಳಲ್ಲಿ ಅದೇ ಪದವು ನೋಡುವವನ ಮುಂದೆ ನಡೆಯುವ ಪ್ರದರ್ಶನ. ಕರಾವಳಿಯಲ್ಲಿ ಯಕ್ಷಗಾನಕ್ಕೆ ಆಟವೆಂದೇ ರೂಢಿ. ಚಿತ್ರಮಂದಿರದ ಪ್ರದರ್ಶನಗಳನ್ನೂ ಮೊದಲನೆಯ ಆಟ, ಎರಡನೆಯ ಆಟವೆಂದು ಎಣಿಸುವ ವಾಡಿಕೆಯುಂಟು. ಪದವೊಂದೇ ಆದರೂ ಇವೆರಡರ ನಡುವಣ ಅಂತರವು ಅಲ್ಪವಾದುದಲ್ಲ. ಅದೆಷ್ಟೆಂಬುದನ್ನು ಅಮೆರಿಕದ ಚಲಚ್ಚಿತ್ರೋದ್ಯಮವು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಅಪಾರವಾದ ಹಣವನ್ನು ತೆತ್ತು ಕಲಿಯಬೇಕಾಯಿತು. ಜನಪ್ರಿಯವಾದ ವಿಡಿಯೋ ಗೇಮುಗಳನ್ನು ಚಲಚ್ಚಿತ್ರಗಳಾಗಿ ಮಾರ್ಪಡಿಸುವ ಯತ್ನವು ಫಲಿಸಬಲ್ಲುದೆ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ವರ್ತಕರದೆಂದು ತೋರಿದರೂ, ಸ್ವಲ್ಪ ಕೆದಕಿ ನೋಡಿದರೆ ಕಾವ್ಯಮೀಮಾಂಸೆಯ ಒಂದು ಹಳೆಯ ಸಮಸ್ಯೆಯೇ ಅಲ್ಲಿ ಕಾಣಬರುತ್ತದೆ.

ಮೊದಲು ವಿಡಿಯೋ ಗೇಮಿನ ಸ್ವರೂಪವನ್ನು ತಿಳಿಯುವುದವಶ್ಯ. ಪರದೆಯ ಮೇಲೆ ಒಂದು ಲೋಕವು ಕಾಣಿಸುತ್ತದೆ; ಆ ಲೋಕದ ಒಂದು ಪಾತ್ರವನ್ನು ಆಟಗಾರನು ಗುಂಡಿಗಳನ್ನೊತ್ತಿ ನಡೆಸುತ್ತಾನೆ. ಅವನು ಒತ್ತದಿದ್ದರೆ ಪಾತ್ರವು ನಿಂತಲ್ಲಿಯೇ ನಿಲ್ಲುವುದು. ತಪ್ಪಿ ಒತ್ತಿದರೆ ಸಾಯುವುದು. ಸತ್ತರೆ ಮರಳಿ ಆಡಬೇಕು. ಜಪಾನಿನ ನಿಂಟೆಂಡೊ ಸಂಸ್ಥೆಯು 1985ರಲ್ಲಿ ಹೊರತಂದ ‘ಸೂಪರ್ ಮಾರಿಯೋ ಬ್ರದರ್ಸ್’ ಇದಕ್ಕೆ ಒಳ್ಳೆಯ ನಿದರ್ಶನ. ಷಿಗೆರು ಮಿಯಾಮೊಟೊ ಎಂಬಾತನು ಕಲ್ಪಿಸಿದ ಈ ಆಟದ ಕಥೆಯನ್ನು ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಹುದು: ಮೀಸೆ ಹೊತ್ತ ಕೊಳಾಯಿ ಕೆಲಸದವನೊಬ್ಬನು ಆಮೆಯನ್ನು ಹೋಲುವ ರಾಕ್ಷಸನ ಸೆರೆಯಿಂದ ರಾಜಕುಮಾರಿಯನ್ನು ಬಿಡಿಸುತ್ತಾನೆ. ಕೋಟ್ಯಂತರ ಜನರು ಇದನ್ನು ಆಡಿದುದು ಈ ಕಥೆಗಾಗಿ ಅಲ್ಲವೆಂಬುದು ಸ್ಪಷ್ಟ. ಹಳ್ಳವೊಂದನ್ನು ದಾಟಲು ಯಾವ ಕ್ಷಣದಲ್ಲಿ ನೆಗೆಯಬೇಕೆಂಬುದನ್ನು ಹತ್ತು ಸಲ ಬಿದ್ದು ಹನ್ನೊಂದನೆಯ ಸಲ ಕಲಿಯುವುದರಲ್ಲಿಯೇ ಅದರ ಸ್ವಾರಸ್ಯವೆಲ್ಲ ಅಡಗಿದೆ.

ಈ ಆಟವನ್ನಾಧರಿಸಿ ರಾಕಿ ಮಾರ್ಟನ್ ಮತ್ತು ಆನಬೆಲ್ ಜಾಂಕೆಲ್ ಎಂಬ ನಿರ್ದೇಶಕರಿಬ್ಬರು ತೆಗೆದ ಚಿತ್ರವು 1993ರಲ್ಲಿ ತೆರೆಕಂಡಿತು. ಹಾಲಿವುಡ್ಡಿನಲ್ಲಿ ಈ ಜಾತಿಯ ಮೊದಲನೆಯ ದೊಡ್ಡ ಪ್ರಯತ್ನವದು. ಮೂಲದಲ್ಲಿ ಕಥೆಯೇ ಇಲ್ಲದಿದ್ದುದರಿಂದ ಚಿತ್ರಕಥೆಯ ಕರ್ತೃಗಳು ಹೊಸದೊಂದನ್ನು ಹೆಣೆಯಬೇಕಾಯಿತು. ಡೈನೋಸಾರುಗಳಿಂದ ವಿಕಾಸಗೊಂಡ ಮನುಷ್ಯರು ವಾಸಿಸುವ, ಅಣಬೆ ಬೂಷ್ಟುಗಳು ಹಬ್ಬಿದ, ಕತ್ತಲೆಗವಿದ ನಗರವೊಂದನ್ನು ಅವರು ನಿರ್ಮಿಸಿದರು. ಆಟದ ಬಣ್ಣಬಣ್ಣದ ಬಾಲಲೋಕದ ಗುರುತು ಹೆಸರುಗಳಲ್ಲಲ್ಲದೆ ಬೇರೆಲ್ಲಿಯೂ ಉಳಿಯಲಿಲ್ಲ. ಚಿತ್ರವು ಹಾಕಿದ ಬಂಡವಾಳವನ್ನು ಹಿಂದಕ್ಕೆ ತರಲಾರದೆ ಹೋಯಿತು. ಮಾರಿಯೋ ಪಾತ್ರವನ್ನು ವಹಿಸಿದ್ದ ಬಾಬ್ ಹಾಸ್ಕಿನ್ಸ್ ಎಂಬ ಸಮರ್ಥನಾದ ನಟನು 2007ರಲ್ಲಿ, ತಾನು ಮಾಡಿದ ಕೆಲಸಗಳಲ್ಲೆಲ್ಲ ಅತ್ಯಂತ ಕೆಟ್ಟುದು ಅದೇ ಎಂದು ಸಂಕೋಚವಿಲ್ಲದೆ ಹೇಳಿಕೊಂಡನು. ಅಲ್ಲಿಂದ ಮುಂದೆ ಬಹುಕಾಲ ಬಂದ ಚಿತ್ರಗಳಲ್ಲಿ ಕೆಲವು ಹಣ ತಂದುವು, ಹಲವು ತರಲಿಲ್ಲ. ವಿಮರ್ಶಕರ ಮೆಚ್ಚಿಗೆಯನ್ನಂತೂ ಹೆಚ್ಚಿನವು ಪಡೆಯಲಿಲ್ಲ.

ಈ ವೈಫಲ್ಯಕ್ಕೆ ಸಾಮಾನ್ಯವಾಗಿ ಹೇಳುವ ಕಾರಣವೆಂದರೆ ಚಿತ್ರ ತೆಗೆದವರಿಗೆ ಆಟದ ಪರಿಚಯವೂ ಅದರ ಮೇಲೆ ಗೌರವವೂ ಇರಲಿಲ್ಲವೆಂಬುದು. ಇದರಲ್ಲಿ ಸ್ವಲ್ಪ ಸತ್ಯವುಂಟು. 2019ರ ಏಪ್ರಿಲಿನಲ್ಲಿ ‘ಸಾನಿಕ್’ ಚಿತ್ರದ ಮುನ್ನೋಟವು ಹೊರಬಿದ್ದಾಗ, ನಾಯಕನಾದ ನೀಲಿ ಮುಳ್ಳುಪ್ರಾಣಿಗೆ ಮನುಷ್ಯರ ಹಲ್ಲುಗಳನ್ನು ಹಚ್ಚಿದ್ದುದನ್ನು ಕಂಡು ಆಟಗಾರರು ಕೆರಳಿದರು, ನಿರ್ಮಾಪಕರು ರೂಪವನ್ನೇ ತಿದ್ದಿ, ಬಿಡುಗಡೆಯನ್ನು 2020ರ ಫೆಬ್ರವರಿಗೆ ಮುಂದೂಡಿದರು, ಚಿತ್ರವು ಗೆದ್ದಿತು. ಆದರೆ ಈ ಕಾರಣವೊಂದೇ ಸಾಲದೆಂಬುದಕ್ಕೆ ಬಲವಾದ ಪ್ರಮಾಣವಿದೆ. ‘ಫೈನಲ್ ಫ್ಯಾಂಟಸಿ’ ಎಂಬ ಪ್ರಸಿದ್ಧ ಆಟಮಾಲೆಯ ಜನಕನಾದ ಹಿರೊನೊಬು ಸಕಾಗುಚಿಯೇ 2001ರಲ್ಲಿ ಅದೇ ಹೆಸರಿನ ಚಿತ್ರವನ್ನು ನಿರ್ದೇಶಿಸಿದನು. ಅದಕ್ಕೆ ತಗುಲಿದ ವೆಚ್ಚ ಸುಮಾರು 13.7 ಕೋಟಿ ಡಾಲರು. ಬಂದುದು ಸುಮಾರು 8.5 ಕೋಟಿ. ಚಿತ್ರ ನಿರ್ಮಾಣಕ್ಕೆಂದು ಸ್ಥಾಪಿಸಿದ್ದ ಶಾಖೆಯನ್ನೇ ಮುಚ್ಚಬೇಕಾಯಿತು. ಆಟದ ಕರ್ತೃವಿಗಿಂತ ಆಟವನ್ನು ಬಲ್ಲವರು ಬೇರೆ ಯಾರು? ಪರಿಚಯ, ಗೌರವಗಳೆರಡೂ ಇದ್ದ ಸ್ಥಳದಲ್ಲಿಯೂ ಕೆಲಸವು ಕೆಟ್ಟಿತೆಂದ ಮೇಲೆ ಕಾರಣವನ್ನು ಇನ್ನೂ ಆಳದಲ್ಲಿ ಹುಡುಕಬೇಕು.

ಇನ್ನೊಂದು ಸಂಗತಿಯು ವಿಮರ್ಶಕರ ಗಮನಕ್ಕೆ ಸಾಕಷ್ಟು ಬಿದ್ದಿಲ್ಲ. ಅನೇಕ ಆಟಗಳು ತಾವೇ ಚಲಚ್ಚಿತ್ರಕ್ಕೆ ಸಾಲಗಾರರು. 1996ರ ‘ಟೂಂಬ್ ರೈಡರ್’ ಆಟದಲ್ಲಿ ಹಾಳು ಗುಡಿಗಳನ್ನು ಶೋಧಿಸುವ ನಾಯಿಕೆಯ ಹಿಂದೆ ಇಂಡಿಯಾನಾ ಜೋನ್ಸ್ ಎಂಬ ಚಿತ್ರನಾಯಕನ ನೆರಳಿದೆ. ಅದೇ ವರ್ಷದ ‘ರೆಸಿಡೆಂಟ್ ಈವಿಲ್’ ಆಟದ ನಡೆದಾಡುವ ಹೆಣಗಳು ಜಾರ್ಜ್ ರೊಮೇರೊ ಎಂಬ ನಿರ್ದೇಶಕನ ಚಿತ್ರಗಳಿಂದ ಎದ್ದು ಬಂದಂಥವು. ಸಾಲವಾಗಿ ಪಡೆದ ವಸ್ತುವಿಗೆ ಆಟವು ಕೂಡಿಸಿದ್ದು ಒಂದೇ ಒಂದು, ಆಡುವವನ ಕೈ. ಚಿತ್ರಕ್ಕೆ ಹಿಂದಿರುಗುವಾಗ ಆ ಕೈಯನ್ನು ತೆಗೆದುಬಿಟ್ಟರೆ ಉಳಿಯುವುದು ಪ್ರೇಕ್ಷಕನು ಇಪ್ಪತ್ತು ವರ್ಷಗಳ ಹಿಂದೆಯೇ ನೋಡಿದ್ದ ಹಳೆಯ ಚಿತ್ರ. ವಿಚಿತ್ರವೆಂದರೆ, ‘ರೆಸಿಡೆಂಟ್ ಈವಿಲ್’ ಚಿತ್ರಕ್ಕೆ ರೊಮೇರೊನಿಂದಲೇ ಚಿತ್ರಕಥೆಯನ್ನು ಬರೆಯಿಸಿ ಬಳಿಕ ಅದನ್ನು ನಿರಾಕರಿಸಿದರು. 2002ರಲ್ಲಿ ಪಾಲ್ ಆಂಡರ್ಸನ್ ತೆಗೆದ ಚಿತ್ರದ ನಾಯಿಕೆಯು ಆಟದಲ್ಲಿ ಎಲ್ಲಿಯೂ ಇಲ್ಲದ ಪಾತ್ರ. ಆದರೂ ಆ ಚಿತ್ರಮಾಲೆಯು 2016ರ ವರೆಗೆ ಆರು ಕಂತುಗಳಲ್ಲಿ ಸಾಗಿ 100 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು.

ಆಡುವವನ ಕೈಯನ್ನು ತೆಗೆದಾಗ ಕಳೆದುಹೋಗುವುದಾದರೂ ಏನು? ಇದಕ್ಕೆ ಉತ್ತರವನ್ನು ಸೂಚಿಸುವ ಮಾತು ಅಭಿನವಗುಪ್ತನ ರಸವಿಚಾರದಲ್ಲಿ ದೊರೆಯುತ್ತದೆ. ರಸಾಸ್ವಾದಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಅವನು ಎಣಿಸುತ್ತಾನೆ. ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿ ಕುಳಿತಿರುವುದು ಅವುಗಳಲ್ಲೊಂದು. ಮನೆಯಲ್ಲಿ ಮಗುವಿಗೆ ಜ್ವರವೆಂಬ ಚಿಂತೆಯುಳ್ಳವನು ರಂಗದ ಶೋಕವನ್ನು ಆಸ್ವಾದಿಸಲಾರನು. ವಿಡಿಯೋ ಗೇಮಿನ ಆಟಗಾರನ ಸ್ಥಿತಿಯಾದರೋ ಪೂರ್ತಿಯಾಗಿ ಇದೇ. ಅವನ ಭಯ ತನ್ನ ಸೋಲಿನ ಭಯ. ಅವನ ಹರ್ಷ ತನ್ನ ಗೆಲುವಿನ ಹರ್ಷ. ಅವು ಸಾಧಾರಣೀಕರಣ ಹೊಂದಿದ ಭಾವಗಳಲ್ಲ. ಕಾವ್ಯಕ್ಕೆ ಯಾವುದು ವಿಘ್ನವೋ ಅದೇ ಈ ಆಟಕ್ಕೆ ಜೀವಾಳ. ಹೀಗಿರಲಾಗಿ ಆಟದ ಕಥೆಯನ್ನೂ ವೇಷಭೂಷಣಗಳನ್ನೂ ಶಸ್ತ್ರಾಸ್ತ್ರಗಳನ್ನೂ ಎಷ್ಟು ನಿಷ್ಠೆಯಿಂದ ಪರದೆಗೆ ಸಾಗಿಸಿದರೂ ಬರಿಯ ಪಾತ್ರೆಯನ್ನು ಸಾಗಿಸಿದಂತಾಗುವುದು. ಆಟಗಾರನು ‘ನನ್ನದು’ ಎಂದು ಅನುಭವಿಸಿದುದನ್ನು ಪ್ರೇಕ್ಷಕನು ಯಾರದೂ ಅಲ್ಲದ, ಆದುದರಿಂದ ಎಲ್ಲರದೂ ಆದ ಭಾವವಾಗಿ ಅನುಭವಿಸುವಂತೆ ಮಾಡುವ ಬೇರೊಂದು ಉಪಾಯವನ್ನು ಚಿತ್ರಕಾರನು ಹುಡುಕಬೇಕು. ರೂಪಾಂತರದ ಕಷ್ಟವೆಲ್ಲ ಈ ಒಂದು ಸ್ಥಳದಲ್ಲಿದೆ.

ಇಲ್ಲೊಂದು ಆಕ್ಷೇಪವು ಬರಬಹುದು. ಈಗ ಲಕ್ಷಾಂತರ ಜನರು ಇತರರು ಆಡುವುದನ್ನು ಅಂತರ್ಜಾಲದಲ್ಲಿ ನೋಡುತ್ತ ಸಂತೋಷಪಡುತ್ತಾರಲ್ಲ, ಹಾಗಿದ್ದಮೇಲೆ ಆಟವು ದೃಶ್ಯವಾಗಲಾರದೆಂದು ಹೇಗೆ ಹೇಳುವುದು? ಆದರೆ ಅಲ್ಲಿ ಜನರು ನೋಡುವುದು ನಿಜವಾದ ಮನುಷ್ಯನೊಬ್ಬನು ಈಗ ಗೆಲ್ಲುವನೋ ಸೋಲುವನೋ ಎಂಬುದನ್ನು. ಕ್ರಿಕೆಟ್ ಪಂದ್ಯವನ್ನು ನೋಡುವ ಕುತೂಹಲಕ್ಕೂ ಇದಕ್ಕೂ ಭೇದವಿಲ್ಲ. ಚಿತ್ರದ ಅಂತ್ಯವು ಮೊದಲೇ ನಿಶ್ಚಿತವಾಗಿರುವುದರಿಂದ ಆ ಕುತೂಹಲದ ನೆರವು ಅದಕ್ಕೆ ದೊರಕದು.

ಉಪಾಯವನ್ನು ಕಂಡುಕೊಂಡ ಚಿತ್ರಗಳು ಇಲ್ಲದೆ ಇಲ್ಲ. 2023ರಲ್ಲಿ ಮಾರಿಯೋ ಮರಳಿ ಪರದೆಗೆ ಬಂದನು, ಈ ಸಲ ಆ್ಯನಿಮೇಷನ್ ಚಿತ್ರವಾಗಿ. ಅದರ ಕಥೆಯು 1993ರ ಕಥೆಗಿಂತಲೂ ತೆಳ್ಳಗಿನದು. ವಿಮರ್ಶಕರಲ್ಲಿ ಅನೇಕರು ಅದನ್ನು ಬೈದರು. ಆದರೂ ಚಿತ್ರವು 130 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಇದಕ್ಕೆ ಮಕ್ಕಳ ಅಭಿಮಾನವೇ ಕಾರಣವೆಂದು ತಳ್ಳಿಹಾಕುವ ಮೊದಲು ಒಂದು ದೃಶ್ಯವನ್ನು ಗಮನಿಸಬೇಕು. ರಾಜಕುಮಾರಿಯು ಮಾರಿಯೋವನ್ನು ಪರೀಕ್ಷಿಸಲು ಅಡೆತಡೆಗಳ ಹಾದಿಯೊಂದನ್ನು ಓಡಿ ದಾಟೆಂದು ಹೇಳುತ್ತಾಳೆ. ಅವನು ಬೀಳುತ್ತಾನೆ, ಏಳುತ್ತಾನೆ, ಮತ್ತೆ ಅದೇ ಜಾಗದಿಂದ ಹೊರಟು ಮತ್ತೆ ಬೀಳುತ್ತಾನೆ. ಆಟಗಾರನ ಬೆರಳುಗಳಲ್ಲಿದ್ದ ಅನುಭವವು ಇಲ್ಲಿ ಪಾತ್ರದ ಶೀಲವಾಗಿ ಪರಿಣಮಿಸಿದೆ. ಬಿದ್ದರೂ ಬಿಡದವನು ಎಂಬುದೇ ಈ ಮಾರಿಯೋವಿನ ಲಕ್ಷಣ. ಆಟವನ್ನೆಂದೂ ಮುಟ್ಟದ ಪ್ರೇಕ್ಷಕನೂ ಅದನ್ನು ಗ್ರಹಿಸಬಲ್ಲನು. ಸೋತು ಮರಳಿ ಆರಂಭಿಸುವ ಈ ಅನುಭವವನ್ನು ಅತ್ಯಂತ ಚೆನ್ನಾಗಿ ದೃಶ್ಯವಾಗಿಸಿದ ಚಿತ್ರವಾದರೋ ಯಾವ ಗೇಮಿನ ರೂಪಾಂತರವೂ ಅಲ್ಲ. ಒಂದೇ ದಿನದ ಯುದ್ಧದಲ್ಲಿ ಸತ್ತು ಸತ್ತು ಹುಟ್ಟುವ ಸೈನಿಕನ ಕಥೆಯಾದ ‘ಎಡ್ಜ್ ಆಫ್ ಟುಮಾರೊ’ (2014) ಹಿರೋಷಿ ಸಕುರಾಜಾಕನ ಜಪಾನೀ ಕಾದಂಬರಿಯಿಂದ ಬಂದುದು.

ಇದಕ್ಕಿಂತ ಗಹನವಾದ ಉದಾಹರಣೆ ‘ದ ಲಾಸ್ಟ್ ಆಫ್ ಅಸ್’. 2013ರ ಈ ಆಟವನ್ನು ಎಚ್.ಬಿ.ಒ. ಸಂಸ್ಥೆಯು 2023ರಲ್ಲಿ ಒಂಬತ್ತು ಕಂತುಗಳ ದೂರದರ್ಶನ ಮಾಲೆಯಾಗಿ ಪ್ರಸಾರಮಾಡಿತು. ಮಾಲೆಯ ಕರ್ತೃಗಳಲ್ಲಿ ಕ್ರೇಗ್ ಮೇಜಿನ್ ಒಬ್ಬನು. ಆಟವನ್ನು ಬರೆದ ನೀಲ್ ಡ್ರಕ್‌ಮನ್ ಇನ್ನೊಬ್ಬನು. ಬೂಷ್ಟುರೋಗವು ಲೋಕವನ್ನು ಹಾಳುಗೆಡವಿದೆ. ಮಗಳನ್ನು ಕಳೆದುಕೊಂಡ ಜೋಯೆಲ್ ಎಂಬವನು, ಆ ರೋಗವು ತಾಕದ ಎಲ್ಲಿ ಎಂಬ ಹುಡುಗಿಯನ್ನು ದೇಶದ ಉದ್ದಕ್ಕೂ ಕರೆದೊಯ್ಯುತ್ತಾನೆ. ಕೊನೆಗೆ ವೈದ್ಯರು ಅವಳ ಮಿದುಳಿನಿಂದ ಔಷಧವನ್ನು ತೆಗೆಯಹೊರಟಾಗ, ಅದರಿಂದ ಅವಳು ಸಾಯುವಳೆಂದು ತಿಳಿದ ಜೋಯೆಲ್ ಆಸ್ಪತ್ರೆಯ ಕಾವಲುಗಾರರನ್ನೂ ಶಸ್ತ್ರವೈದ್ಯನನ್ನೂ ಕೊಂದು ಹುಡುಗಿಯನ್ನು ಎತ್ತಿಕೊಂಡು ಹೋಗುತ್ತಾನೆ. ಆಟದಲ್ಲಿ ಈ ಕೊಲೆಯನ್ನು ಮಾಡಬೇಕಾದವನು ಆಟಗಾರನೇ. ವೈದ್ಯನು ಕತ್ತಿ ಹಿಡಿದು ನಿಂತಿರುತ್ತಾನೆ. ಆಟಗಾರನು ಕೈಮಾಡದಿದ್ದರೆ ಕಥೆಯು ಮುಂದೆ ಹೋಗುವುದೇ ಇಲ್ಲ. ಒಲ್ಲದ ಮನಸ್ಸಿನಿಂದ ಗುಂಡಿಯನ್ನೊತ್ತಿದವನು ಪಾಪದಲ್ಲಿ ಪಾಲುಗಾರನಾಗುತ್ತಾನೆ. ಮಾಲೆಯನ್ನು ನೋಡುವವನಾದರೋ ಆಸನದಲ್ಲಿ ಕೈಕಟ್ಟಿ ಕುಳಿತಿರುತ್ತಾನೆ. ಅವನನ್ನು ಪಾಲುಗಾರನನ್ನಾಗಿ ಮಾಡುವುದು ಹೇಗೆ?

ಮಾಲೆಯ ಕರ್ತೃಗಳು ಇದಕ್ಕೆ ಮೂರನೆಯ ಕಂತಿನಿಂದಲೇ ಸಿದ್ಧತೆ ನಡೆಸಿದರು. ಆಟದಲ್ಲಿ ಬಿಲ್ ಎಂಬವನು ಯಾರನ್ನೂ ನಂಬದ ಒಂಟಿ. ಅವನ ಸಂಗಾತಿಯಾದ ಫ್ರಾಂಕ್ ಅವನನ್ನು ದ್ವೇಷಿಸುತ್ತ ಪತ್ರ ಬರೆದಿಟ್ಟು ನೇಣು ಹಾಕಿಕೊಂಡಿರುತ್ತಾನೆ. ಮಾಲೆಯಲ್ಲಿ ಇದು ತಲೆಕೆಳಗಾಗಿದೆ. ಬಿಲ್ ಮತ್ತು ಫ್ರಾಂಕರು ಹಲವು ವರ್ಷ ಪ್ರೀತಿಯಿಂದ ಬಾಳಿ, ಮುದಿತನದಲ್ಲಿ ಒಟ್ಟಿಗೆ ಸಾವನ್ನು ಬರಮಾಡಿಕೊಳ್ಳುತ್ತಾರೆ. ಬಿಲ್ ಬರೆದಿಟ್ಟ ಪತ್ರವು ಜೋಯೆಲನಿಗೆ ತಲಪುತ್ತದೆ. ಪ್ರೀತಿಸಿದವರನ್ನು ಕಾಯುವುದಕ್ಕಾಗಿಯೇ ತಮ್ಮಂಥವರು ಬದುಕಿರುವುದೆಂಬುದು ಅದರ ತಾತ್ಪರ್ಯ. ಟೆಸ್ಸಳನ್ನು ಕಾಪಾಡೆಂದು ಪತ್ರವು ಹೇಳುತ್ತದೆ. ಅದನ್ನು ಓದುವ ವೇಳೆಗೆ ಟೆಸ್ ಸತ್ತುಹೋಗಿದ್ದಾಳೆ. ಪ್ರೇಕ್ಷಕನು ಆ ಪತ್ರದ ಮಾತಿಗೆ ಕಣ್ಣೀರಿಟ್ಟು ಒಪ್ಪಿಗೆ ಕೊಡುತ್ತಾನೆ. ಆರು ಕಂತುಗಳ ತರುವಾಯ ಅದೇ ಮಾತು ಆಸ್ಪತ್ರೆಯಲ್ಲಿ ಹೆಣಗಳ ಸಾಲಾಗಿ ಅವನೆದುರಿಗೆ ಬಂದು ನಿಲ್ಲುತ್ತದೆ. ಆ ಗುಂಡಿನ ಕಾಳಗದಲ್ಲಿ ಬಂದೂಕಿನ ಸದ್ದನ್ನು ತಗ್ಗಿಸಿ, ಅದರ ಮೇಲೆ ಶೋಕಭರಿತವಾದ ಸಂಗೀತವನ್ನು ಹಾಸಿದ್ದಾರೆ. ವೀರಕ್ಕೆ ಎಡೆಯಾಗಬಹುದಾಗಿದ್ದ ಸ್ಥಳವು ಇದರಿಂದ ಕರುಣಕ್ಕೆ ಸಂದಿದೆ. ಗುಂಡಿಯನ್ನೊತ್ತಿಸಿ ಆಟವು ಸಾಧಿಸಿದುದನ್ನು ಮಾಲೆಯು ಮುಂಗಡವಾಗಿ ಪಡೆದ ಸಮ್ಮತಿಯಿಂದ ಸಾಧಿಸಿತು. ಇದಕ್ಕಾಗಿ ಮೂಲವನ್ನು ಮುರಿದರೆಂಬ ದೂರಿಗೆ ಕನ್ನಡಿಗರು ಬೆಚ್ಚಬೇಕಾಗಿಲ್ಲ. ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಿದ ಪಂಪನು ಆದಿಕವಿಯಾಗಿಯೇ ಉಳಿದಿದ್ದಾನೆ.

ಇನ್ನು ಸಾಫಲ್ಯವೆಂದರೇನೆಂಬುದನ್ನು ವಿಚಾರಿಸಬೇಕು. ಭರತನು ನಾಟ್ಯಶಾಸ್ತ್ರದ ಸಿದ್ಧಿಪ್ರಕರಣದಲ್ಲಿ ಪ್ರಯೋಗದ ಸಿದ್ಧಿಯನ್ನು ಮಾನುಷಿ, ದೈವಿಕಿ ಎಂದು ಎರಡು ಬಗೆಯಾಗಿ ವಿಂಗಡಿಸುತ್ತಾನೆ. ನಗೆ, ಶಹಭಾಸುಗಿರಿ, ಹಾಹಾಕಾರ, ಎದ್ದುನಿಲ್ಲುವುದು, ವಸ್ತ್ರಗಳನ್ನು ಎಸೆಯುವುದು ಇವೆಲ್ಲ ಮಾನುಷಿಯ ಚಿಹ್ನೆಗಳು. ಶತ್ರುಗಳು ಸಗಣಿ, ಹೆಂಟೆ, ಇರುವೆಗಳನ್ನು ಎಸೆಯುವುದನ್ನಾದರೋ ಅವನು ಘಾತಗಳಲ್ಲಿ ಸೇರಿಸಿದ್ದಾನೆ. 2025ರ ಏಪ್ರಿಲಿನಲ್ಲಿ ‘ಮೈನ್‌ಕ್ರಾಫ್ಟ್’ ಆಟದ ಚಿತ್ರವು ತೆರೆಕಂಡಾಗ, ಕೋಳಿಯ ಬೆನ್ನೇರಿದ ಪುಟ್ಟ ಪ್ರೇತವೊಂದು ಕಾಣಿಸಿಕೊಂಡೊಡನೆ ಅಮೆರಿಕದ ತರುಣರು ಒಕ್ಕೊರಲಿನಿಂದ ಕೂಗಿ, ಕೈಯಲ್ಲಿದ್ದ ಪಾಪ್‌ಕಾರ್ನನ್ನು ಗಾಳಿಗೆ ತೂರಿದರು. ಚಿತ್ರಮಂದಿರಗಳವರು ಎಚ್ಚರಿಕೆಯ ಫಲಕಗಳನ್ನು ಹಾಕಬೇಕಾಯಿತು. ಪಾಪ್‌ಕಾರ್ನು ವಸ್ತ್ರದ ಸಾಲಿಗೆ ಸೇರುವುದೋ ಹೆಂಟೆಯ ಸಾಲಿಗೋ ವಿದ್ವಾಂಸರು ತೀರ್ಮಾನಿಸತಕ್ಕದ್ದು. ಎಂತೂ ಮಾನುಷಿಯ ಸಿದ್ಧಿಯು ಈ ಚಿತ್ರಗಳಿಗೆ ದಕ್ಕಿದೆ. ನೋಡಲು ಬಂದವರು ಕ್ಷಣಕಾಲ ಮತ್ತೆ ಆಟಗಾರರಾಗಿಬಿಟ್ಟರೆಂಬುದೇ ಅದರ ಗುಟ್ಟು.

ಸಭೆಯು ತುಂಬಿರಬೇಕು, ಸದ್ದಾಗಲಿ ಕ್ಷೋಭೆಯಾಗಲಿ ಇರಕೂಡದು ಎಂಬುದು ದೈವಿಕಿಯ ಲಕ್ಷಣ. ಜೋಯೆಲ್ ತಾನು ಮಾಡಿದುದನ್ನು ಎಲ್ಲಿಯಿಂದ ಮರೆಸಿ ಸುಳ್ಳು ಹೇಳುತ್ತಾನೆ. ಅವಳು ಅವನ ಮುಖವನ್ನು ನೋಡಿ, ಆಗಲಿ ಎಂಬರ್ಥದ ಒಂದೇ ಮಾತನ್ನಾಡುತ್ತಾಳೆ. ಆಟವೂ ಅಲ್ಲಿಗೇ ಮುಗಿಯುತ್ತದೆ, ಮಾಲೆಯ ಮೊದಲ ಭಾಗವೂ ಅಲ್ಲಿಗೇ ಮುಗಿಯುತ್ತದೆ. ಆ ಮಾತಿನ ಬಳಿಕ ಬರುವ ನಿಶ್ಶಬ್ದವು ಭರತನು ಹೇಳಿದ ಜಾತಿಯದೇ. ಆದರೆ ಅದನ್ನು ಜನರು ನೋಡಿದುದು ಚಿತ್ರಮಂದಿರದಲ್ಲಲ್ಲ, ತಂತಮ್ಮ ಮನೆಗಳಲ್ಲಿ, ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ. ತುಂಬಿದ ಸಭೆಯೆಂಬ ಲಕ್ಷಣವನ್ನು ಅಲ್ಲಿ ಹೇಗೆ ಹೊಂದಿಸಬೇಕೆಂಬುದಕ್ಕೆ ಶಾಸ್ತ್ರದಲ್ಲಿ ಉತ್ತರವಿಲ್ಲ.