ಬ್ರೇಕು ಕೈಕೊಟ್ಟಾಗ

ಗಾಡಿಯನ್ನು ಓಡಿಸುವುದರಲ್ಲಿ ಮನುಷ್ಯನು ತೋರಿದ ಜಾಣ್ಮೆಯನ್ನು ಎಲ್ಲರೂ ಕೊಂಡಾಡುತ್ತಾರೆ. ಓಡುವ ಗಾಡಿಯನ್ನು ನಿಲ್ಲಿಸುವುದರಲ್ಲಿ ಅವನು ತೋರಿದ ಜಾಣ್ಮೆಯನ್ನು ಗಮನಿಸುವವರು ವಿರಳ. ಎಂಜಿನ್ನು ಕೆಟ್ಟರೆ ಮೋಟಾರ್ ಸೈಕಲ್ಲು ನಿಲ್ಲುತ್ತದೆ. ಬ್ರೇಕು ಕೆಟ್ಟರೆ ನಿಲ್ಲುವುದಿಲ್ಲ. ಮೊದಲನೆಯದು ಬರಿಯ ತೊಂದರೆ, ಎರಡನೆಯದು ಪ್ರಾಣಕ್ಕೆ ಬಂದ ಕುತ್ತು. ಇಂಥ ಗಳಿಗೆಯಲ್ಲಿ ಸವಾರನು ಏನು ಮಾಡಬೇಕು, ಹಾಗೆ ಮಾಡುವುದಕ್ಕೆ ಶಾಸ್ತ್ರೀಯವಾದ ಆಧಾರವೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಹುಬ್ಬಳ್ಳಿ ತಾಲ್ಲೂಕಿನ ಸುಳ್ಳ ಗ್ರಾಮವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದು ಎರೆನೆಲದ ಸೀಮೆ; ಹತ್ತಿ, ಜೋಳ, ಕಡಲೆ, ಹೆಸರು ಬೆಳೆಯುವ ಬಯಲು. ಒಂದು ಕಾಲಕ್ಕೆ ಇಂಥ ಊರುಗಳಿಂದ ಹುಬ್ಬಳ್ಳಿಯ ಪೇಟೆಗೆ ಚಕ್ಕಡಿಗಳು ಹೋಗಿಬರುತ್ತಿದ್ದವು. ಇಂದು ಹೊಲಕ್ಕೆ, ಪೇಟೆಗೆ, ಕಾಲೇಜಿಗೆ, ಆಸ್ಪತ್ರೆಗೆ ಹೋಗುವವರಿಗೆ ಮೋಟಾರ್ ಸೈಕಲ್ಲೇ ಆಧಾರ. ನೆಲ ಸಮತಟ್ಟಾಗಿರುವುದರಿಂದ ಬ್ರೇಕಿನ ಚಿಂತೆ ಘಟ್ಟದವರಿಗೆ ಮಾತ್ರ ಎಂದು ಬಯಲಿನವರು ಭಾವಿಸುವುದುಂಟು. ಇದು ಸರಿಯಲ್ಲ. ಮಳೆಗಾಲದಲ್ಲಿ ಎರೆಮಣ್ಣಿನ ರಾಡಿ ಗಾಲಿಗೆ ಮೆತ್ತಿಕೊಂಡು ಬ್ರೇಕಿನ ಅಂಗಾಂಗಗಳನ್ನು ಸೇರುತ್ತದೆ. ಸುಗ್ಗಿಯಲ್ಲಿ ಬೆಳೆಯನ್ನು ರಸ್ತೆಯ ಮೇಲೆ ಹರಡಿ ವಾಹನಗಳಿಂದ ಒಕ್ಕುವ ರೂಢಿ ನಮ್ಮಲ್ಲಿ ಉಂಟಷ್ಟೆ. ಉರುಳುವ ಕಾಳಿನ ಮೇಲೆ ಒಳ್ಳೆಯ ಬ್ರೇಕೂ ಕೆಟ್ಟ ಬ್ರೇಕಿನಂತೆಯೇ ವರ್ತಿಸುತ್ತದೆ. ಮೇಲಾಗಿ, ಬಯಲಿನಲ್ಲಿ ಓಡಾಡುವ ಅದೇ ಗಾಡಿ ಒಂದು ದಿನ ಯಲ್ಲಾಪುರವನ್ನು ದಾಟಿ ಅರಬೈಲ್ ಘಟ್ಟವನ್ನಿಳಿದು ಅಂಕೋಲೆಗೂ ಹೋದೀತು.

ಬ್ರೇಕಿನ ಕೆಲಸವೇನು? ಓಡುವ ಗಾಡಿಯಲ್ಲಿ ಚಲನಶಕ್ತಿ ತುಂಬಿರುತ್ತದೆ. ಶಕ್ತಿಯು ನಾಶವಾಗುವುದಿಲ್ಲ, ರೂಪಾಂತರ ಹೊಂದುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಬ್ರೇಕು ಈ ಚಲನಶಕ್ತಿಯನ್ನು ಘರ್ಷಣೆಯ ಮೂಲಕ ಉಷ್ಣವನ್ನಾಗಿ ಮಾರ್ಪಡಿಸಿ ಗಾಳಿಗೆ ಒಪ್ಪಿಸುತ್ತದೆ. ಸವಾರನೂ ಸೇರಿ 200 ಕಿಲೋಗ್ರಾಂ ತೂಗುವ ಮೋಟಾರ್ ಸೈಕಲ್ಲು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ಎಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್ ವೇಗದಲ್ಲಿ, ಓಡುತ್ತಿದೆಯೆನ್ನೋಣ. ಅದರ ಚಲನಶಕ್ತಿ ಸುಮಾರು 27,800 ಜೂಲ್. ಒಂದು ಸಣ್ಣ ಬಟ್ಟಲಿನ ಚಹಕ್ಕೆ ಬೇಕಾದ 100 ಗ್ರಾಂ ನೀರನ್ನು ಕುದಿಬಿಂದುವಿಗೆ ತರಲು ಹೆಚ್ಚುಕಡಿಮೆ ಇಷ್ಟೇ ಉಷ್ಣ ಸಾಕು. ವೇಗವನ್ನು ಅರ್ಧಕ್ಕೆ ಇಳಿಸಿದರೆ ಶಕ್ತಿ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಇದನ್ನು ನೆನಪಿನಲ್ಲಿಡಬೇಕು: ಬ್ರೇಕು ಕೈಕೊಟ್ಟಾಗ ಗಾಡಿಯನ್ನು ಪೂರ್ತಿ ನಿಲ್ಲಿಸಲಾಗದಿದ್ದರೂ ವೇಗವನ್ನು ಅರ್ಧಕ್ಕೆ ತಂದರೆ ಅಪಾಯದ ಮುಕ್ಕಾಲು ಪಾಲನ್ನು ಕಳೆದಂತಾಯಿತು.

ಘಟ್ಟದ ಲೆಕ್ಕವೇ ಬೇರೆ. ಅದೇ ಗಾಡಿ 400 ಮೀಟರ್ ಎತ್ತರದಿಂದ ಕೆಳಗಿಳಿದರೆ ಸುಮಾರು 7,84,000 ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಇದು 60 ಕಿಲೋಮೀಟರ್ ವೇಗದಿಂದ 28 ಬಾರಿ ಗಾಡಿಯನ್ನು ನಿಲ್ಲಿಸಿದ್ದಕ್ಕೆ ಸಮ. ಎರಡೂವರೆ ಲೀಟರಿಗೂ ಹೆಚ್ಚು ನೀರನ್ನು ಕುದಿಯುವಂತೆ ಮಾಡಬಲ್ಲ ಉಷ್ಣ. ಇದನ್ನೆಲ್ಲ ಬ್ರೇಕಿನ ತಲೆಗೇ ಕಟ್ಟಿದರೆ ಅದು ಸೋಲದೆ ಏನು ಮಾಡೀತು?

ಬ್ರೇಕುಗಳಲ್ಲಿ ಎರಡು ಬಗೆ. ಡ್ರಮ್ ಬ್ರೇಕಿನಲ್ಲಿ, ಗಾಲಿಯೊಡನೆ ತಿರುಗುವ ಡೋಲಿನಂಥ ಭಾಗದ ಒಳಮೈಗೆ ಅರ್ಧಚಂದ್ರಾಕಾರದ ಎರಡು ಬ್ರೇಕ್ ಶೂಗಳು ಒತ್ತಿಕೊಳ್ಳುತ್ತವೆ. ಅವುಗಳನ್ನು ಹಿಗ್ಗಿಸುವುದು ಒಂದು ತಂತಿಯ ಕೇಬಲ್ಲು ಇಲ್ಲವೆ ಉಕ್ಕಿನ ಸರಳು. ಡಿಸ್ಕ್ ಬ್ರೇಕಿನಲ್ಲಿ, ಗಾಲಿಯೊಡನೆ ತಿರುಗುವ ಉಕ್ಕಿನ ತಟ್ಟೆಯನ್ನು ಎರಡು ಪ್ಯಾಡುಗಳು ಇಕ್ಕಳದಂತೆ ಹಿಡಿಯುತ್ತವೆ. ಇಲ್ಲಿ ಬಲವನ್ನು ಸಾಗಿಸುವುದು ದ್ರವ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು 17ನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ತೋರಿಸಿಕೊಟ್ಟನು. ಲಿವರಿನ ಬಳಿಯ ಕೊಂತದ ಮೈ ಒಂದು ಚದರ ಸೆಂಟಿಮೀಟರ್ ಇದ್ದು, ಗಾಲಿಯ ಬಳಿಯ ಕೊಂತದ ಮೈ ಎಂಟು ಚದರ ಸೆಂಟಿಮೀಟರ್ ಇದ್ದರೆ ಬಲ ಎಂಟು ಪಟ್ಟಾಗುತ್ತದೆ. ದ್ರವವು ಕುಗ್ಗುವುದಿಲ್ಲವಾದ್ದರಿಂದಲೇ ಈ ಚಮತ್ಕಾರ ಸಾಧ್ಯ. ಒಳಗೆ ಗಾಳಿಯ ಗುಳ್ಳೆ ಸೇರಿದರೆ ಕೈಯ ಬಲವೆಲ್ಲ ಗುಳ್ಳೆಯನ್ನು ಅಮುಕುವುದರಲ್ಲಿಯೇ ವ್ಯರ್ಥವಾಗುತ್ತದೆ.

ಬ್ರೇಕು ಕೆಟ್ಟ ಬಗೆಯನ್ನು ಸವಾರನ ಕೈಕಾಲುಗಳೇ ಅವನಿಗೆ ತಿಳಿಸುತ್ತವೆ. ಲಕ್ಷಣಗಳು ಮೂರು. ಲಿವರು ಯಾವ ಪ್ರತಿರೋಧವೂ ಇಲ್ಲದೆ ಸಡಿಲಾಗಿ ಬಂದರೆ ಕೇಬಲ್ಲು ಹರಿದಿದೆ, ಸರಳು ಕಳಚಿದೆ, ಅಥವಾ ಬ್ರೇಕ್ ಆಯಿಲ್ ಸೋರಿಹೋಗಿದೆ. ಲಿವರು ಸ್ಪಂಜಿನಂತೆ ಮೆತ್ತಗಾಗಿ ಹಿಡಿಕೆಯವರೆಗೂ ಬಂದರೆ ದ್ರವದಲ್ಲಿ ಗಾಳಿಯೋ ಆವಿಯೋ ಸೇರಿದೆ. ಲಿವರು ಎಂದಿನಂತೆ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ದೋಷವಿರುವುದು ಘರ್ಷಣೆಯ ಮೈಯಲ್ಲಿ: ಅದು ನೀರಿನಿಂದ ನೆನೆದಿದೆ, ಎಣ್ಣೆ ತಾಗಿಸಿಕೊಂಡಿದೆ, ಇಲ್ಲವೆ ಮಿತಿಮೀರಿ ಕಾದಿದೆ. ಕಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುವುದರಿಂದಲೂ ಬ್ರೇಕಿನ ಹಿಡಿತ ತಪ್ಪುತ್ತದೆ.

ಆವಿಯ ಸಂಗತಿಯನ್ನು ಇನ್ನಷ್ಟು ವಿವರಿಸಬೇಕು. ಬ್ರೇಕ್ ಆಯಿಲ್ ಎಂದು ನಾವು ಕರೆಯುವ ದ್ರವ ನಿಜವಾಗಿ ಎಣ್ಣೆಯಲ್ಲ. ಬಹುಮಟ್ಟಿಗೆ ಅದು ಗ್ಲೈಕಾಲ್ ವರ್ಗದ ರಾಸಾಯನಿಕ. ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವುದು ಅದರ ಗುಣ. ಡಾಟ್ 4 ಎಂಬ ದರ್ಜೆಯ ಹೊಸ ದ್ರವ ಕನಿಷ್ಠಪಕ್ಷ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮವಿದೆ. ತೇವ ಸೇರಿದ ಮೇಲೆ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಹಳೆಯ ದ್ರವವಿರುವ ಗಾಡಿ ಊರಿನ ರಸ್ತೆಯಲ್ಲಿ ಯಾವ ದೋಷವನ್ನೂ ತೋರದೆ, ಘಟ್ಟದ ನಡುವೆ ಒಮ್ಮೆಲೇ ಕೈಬಿಡುವುದರ ಗುಟ್ಟು ಇದೇ. ದ್ರವ ಕುದಿದು ಆವಿಯಾಗುತ್ತದೆ. ಆವಿಯು ಗಾಳಿಯಂತೆಯೇ ಕುಗ್ಗುತ್ತದೆ.

ಇನ್ನು ಉಪಾಯಗಳಿಗೆ ಬರೋಣ. ಮೊದಲನೆಯ ಸಮಾಧಾನದ ಸಂಗತಿಯೆಂದರೆ ಮೋಟಾರ್ ಸೈಕಲ್ಲಿಗೆ ಮುಂದೊಂದು ಹಿಂದೊಂದು ಎರಡು ಬ್ರೇಕುಗಳಿವೆ. ಎರಡೂ ಏಕಕಾಲಕ್ಕೆ ಕೆಡುವುದು ಅಪರೂಪ. ಆದುದರಿಂದ ಒಂದು ಸೋತಿತೆಂದು ತಿಳಿದ ಕೂಡಲೆ ಆಕ್ಸಿಲರೇಟರನ್ನು ಪೂರ್ತಿ ಬಿಟ್ಟು ಇನ್ನೊಂದನ್ನು ಹಿಡಿಯಬೇಕು. ಆದರೆ ಎರಡನ್ನೂ ಒಂದೇ ರೀತಿಯಲ್ಲಿ ಹಿಡಿಯುವಂತಿಲ್ಲ. ಗಾಡಿಯ ವೇಗ ಇಳಿಯುವಾಗ ಭಾರವು ಮುಂದಕ್ಕೆ ವಾಲುತ್ತದೆ. ಬಲವಾಗಿ ಬ್ರೇಕು ಹಾಕಿದಾಗ ಒಟ್ಟು ಭಾರದ ಮುಕ್ಕಾಲಿಗೂ ಮಿಕ್ಕ ಪಾಲನ್ನು ಮುಂದಿನ ಗಾಲಿಯೇ ಹೊರುತ್ತದೆ. ಹಿಂದಿನ ಗಾಲಿ ಹಗುರಾಗಿ, ಸ್ವಲ್ಪ ಹೆಚ್ಚು ತುಳಿದರೂ ಉರುಳುವುದನ್ನು ಬಿಟ್ಟು ಜಾರತೊಡಗುತ್ತದೆ. ಹಿಂದಿನ ಬ್ರೇಕೊಂದೇ ಉಳಿದಿದ್ದರೆ ಮೈಯನ್ನು ಹಿಂದಕ್ಕೆ ಸರಿಸಿ ಹದವಾಗಿ ತುಳಿಯಬೇಕು. ಮುಂದಿನದೊಂದೇ ಉಳಿದಿದ್ದರೆ ಗಾಡಿಯನ್ನು ನೆಟ್ಟಗೆ ನಿಲ್ಲಿಸಿಕೊಂಡು, ಹ್ಯಾಂಡಲನ್ನು ತಿರುಗಿಸದೆ, ಮೆಲ್ಲನೆ ಹಿಡಿದು ಬಿಗಿಗೊಳಿಸುತ್ತ ಹೋಗಬೇಕು. ರಾಡಿಯಲ್ಲಿಯೂ ಕಾಳಿನ ಮೇಲೂ ಇದನ್ನು ಥಟ್ಟನೆ ಹಿಡಿದವನು ಬೀಳುವುದು ಬಹುಮಟ್ಟಿಗೆ ಖಂಡಿತ.

ಡಿಸ್ಕ್ ಬ್ರೇಕಿನ ಲಿವರು ಮೆತ್ತಗಾಗಿದ್ದರೆ ಅದನ್ನು ಬೇಗಬೇಗನೆ ಹಲವು ಬಾರಿ ಒತ್ತಿ ಬಿಡಬೇಕು. ಪ್ರತಿಯೊಂದು ಒತ್ತಿಗೂ ಮೇಲಿನ ಬಟ್ಟಲಿನಿಂದ ಇಷ್ಟಿಷ್ಟು ದ್ರವ ಕೆಳಗಿಳಿದು ಒತ್ತಡ ಮತ್ತೆ ಕೂಡಿಬರುವ ಸಂಭವವಿದೆ. ಕೇಬಲ್ಲು ಹರಿದಿದ್ದರೆ ಹೀಗೆ ಮಾಡುವುದು ಕಾಲಹರಣ. ಶೂಗಳು ನೆನೆದಿದ್ದರೆ ಓಡುತ್ತಿರುವಾಗಲೇ ಬ್ರೇಕನ್ನು ಹಗುರಾಗಿ ತಾಗಿಸಿ ಹಿಡಿಯಬೇಕು. ಆ ಘರ್ಷಣೆಯ ಬಿಸಿಯೇ ನೀರನ್ನು ಆರಿಸುತ್ತದೆ. ಹಳ್ಳ ದಾಟಿದೊಡನೆ ಇದನ್ನು ಮಾಡಿಕೊಳ್ಳುವುದು ಎಲ್ಲ ಸವಾರರಿಗೂ ಒಳ್ಳೆಯ ಅಭ್ಯಾಸ.

ಎರಡು ಬ್ರೇಕುಗಳೂ ಸೋತರೆ? ಆಗ ಮೂರನೆಯ ಬ್ರೇಕು ಇದ್ದೇ ಇದೆ: ಅದು ಎಂಜಿನ್ನು. ಆಕ್ಸಿಲರೇಟರನ್ನು ಬಿಟ್ಟಾಗ ಗಾಳಿ ಒಳಗೆ ಬರುವ ದಾರಿ ಬಹುತೇಕ ಮುಚ್ಚಿಕೊಳ್ಳುತ್ತದೆ. ಗಾಲಿಯು ಎಂಜಿನ್ನನ್ನು ತಿರುಗಿಸುತ್ತಿರುವುದರಿಂದ ಕೊಂತವು ಆ ಇಕ್ಕಟ್ಟಾದ ದಾರಿಯಿಂದ ಗಾಳಿಯನ್ನು ಹೀರಲು ಹೆಣಗುತ್ತದೆ. ಈ ಹೆಣಗಾಟಕ್ಕೂ ಒಳಭಾಗಗಳ ಘರ್ಷಣೆಗೂ ಬೇಕಾದ ಶಕ್ತಿಯನ್ನು ಗಾಡಿಯ ಓಟವೇ ತೆರಬೇಕಾಗುತ್ತದೆ. ಗಾಳಿಯ ಸಂಕೋಚನದಿಂದಲೇ ಗಾಡಿ ನಿಲ್ಲುತ್ತದೆಂದು ಹಲವರು ತಿಳಿದಿದ್ದಾರೆ. ಆದರೆ ಕುಗ್ಗಿದ ಗಾಳಿ ಸ್ಪ್ರಿಂಗಿನಂತೆ ಕೊಂತವನ್ನು ಮರಳಿ ತಳ್ಳುವುದರಿಂದ ಆ ಶಕ್ತಿಯ ಹೆಚ್ಚಿನ ಪಾಲು ಹಿಂದಿರುಗಿಬಿಡುತ್ತದೆ. ಕೆಳಗಿನ ಗೇರಿನಲ್ಲಿ ಗಾಲಿಯ ಒಂದು ಸುತ್ತಿಗೆ ಎಂಜಿನ್ನು ಹೆಚ್ಚು ಸುತ್ತು ತಿರುಗಬೇಕಾದ್ದರಿಂದ ತಡೆಯೂ ಹೆಚ್ಚು. ಆದುದರಿಂದ ಒಂದೊಂದೇ ಗೇರನ್ನು ಇಳಿಸುತ್ತ, ಪ್ರತಿಸಲವೂ ಕ್ಲಚ್ಚನ್ನು ಮೆಲ್ಲನೆ ಬಿಡುತ್ತ ಬರಬೇಕು. ನಾಲ್ಕರಿಂದ ನೇರವಾಗಿ ಒಂದಕ್ಕೆ ಇಳಿಸಿದರೆ ಹಿಂದಿನ ಗಾಲಿ ಕಚ್ಚಿಕೊಂಡು ಗಾಡಿ ಅಡ್ಡ ತಿರುಗುತ್ತದೆ. ಗಾಬರಿಯಲ್ಲಿ ಕ್ಲಚ್ಚನ್ನು ಹಿಡಿದೇ ಇರುವುದು, ಗೇರನ್ನು ನ್ಯೂಟ್ರಲ್ಲಿಗೆ ತರುವುದು ಇವೆರಡೂ ಈ ಮೂರನೆಯ ಬ್ರೇಕನ್ನು ಕೈಯಾರೆ ಕಳೆದುಕೊಂಡಂತೆ.

ಇವುಗಳ ಬಲಾಬಲವನ್ನು ಲೆಕ್ಕ ಹಾಕಿ ನೋಡೋಣ. ಒಣರಸ್ತೆಯಲ್ಲಿ ಎರಡೂ ಬ್ರೇಕು ಸೇರಿ ಪ್ರತಿ ಸೆಕೆಂಡಿಗೆ 7 ಮೀಟರಿನಂತೆ ವೇಗವನ್ನು ಇಳಿಸುತ್ತವೆಯೆಂದರೆ, 60 ಕಿಲೋಮೀಟರ್ ವೇಗದ ಗಾಡಿ ಸುಮಾರು 20 ಮೀಟರಿನಲ್ಲಿ ನಿಲ್ಲುತ್ತದೆ. ಹಿಂದಿನ ಬ್ರೇಕೊಂದೇ ಇದರ ಅರ್ಧದಷ್ಟು ಕೆಲಸ ಮಾಡಿದರೆ 40 ಮೀಟರು ಬೇಕು. ಎಂಜಿನ್ನಿನ ತಡೆಯೊಂದೇ ಇದ್ದು ಅದು ಸೆಕೆಂಡಿಗೆ 1 ಮೀಟರಿನಷ್ಟಾದರೆ ಸುಮಾರು 140 ಮೀಟರು ಬೇಕು. ಸವಾರನು ಎಚ್ಚೆತ್ತುಕೊಳ್ಳುವ ಒಂದು ಸೆಕೆಂಡಿನಲ್ಲಿ ಗಾಡಿ 16 ಮೀಟರಿಗೂ ಹೆಚ್ಚು ಓಡಿರುತ್ತದೆ, ಅದನ್ನೂ ಕೂಡಿಸಿಕೊಳ್ಳಬೇಕು. ಎಂಜಿನ್ನು ನಮ್ಮನ್ನು ಉಳಿಸಬಲ್ಲದು, ಆದರೆ ಅದಕ್ಕೆ ಎಡೆ ಬೇಕು. ಎದುರಿನ ಲಾರಿಗೂ ನಮಗೂ ನಡುವೆ ಅಂತರವನ್ನು ಬಿಟ್ಟುಕೊಂಡವನಿಗೆ ಮಾತ್ರ ಆ ಎಡೆ ಸಿಕ್ಕೀತು.

ಆ ಅಂತರದಲ್ಲಿ ಹಾರ್ನನ್ನು ಬಿಡದೆ ಒತ್ತುತ್ತ ಜನರನ್ನು ಎಚ್ಚರಿಸಬೇಕು. ಕಣ್ಣು ತೆರವಾದ ದಾರಿಯನ್ನು ಹುಡುಕುತ್ತಿರಬೇಕು. ಏರು ಸಿಕ್ಕರೆ ಅದೇ ಲೇಸು. ಗುರುತ್ವಾಕರ್ಷಣೆಗಿಂತ ನಂಬಿಗಸ್ಥ ಬ್ರೇಕಿಲ್ಲ. ಏರಿಲ್ಲದ ಬಯಲುಸೀಮೆಯಲ್ಲಿ ರಸ್ತೆಯ ಅಂಚಿನ ಒಣ ಮೆದುಮಣ್ಣು ನೆರವಾಗುತ್ತದೆ: ಗಾಲಿ ಹೂತಷ್ಟೂ ತಡೆ ಹೆಚ್ಚು. ಆದರೆ ವೇಗ ಸಾಕಷ್ಟು ಇಳಿದ ಮೇಲೆಯೇ, ಗಾಡಿಯನ್ನು ನೇರವಾಗಿಟ್ಟು, ಮಣ್ಣಿಗಿಳಿಯಬೇಕು. ಕಾಲನ್ನು ನೆಲಕ್ಕೆ ಊರಿ ನಿಲ್ಲಿಸಲು ಹೋಗುವುದು ಮೂಳೆ ಮುರಿದುಕೊಳ್ಳುವ ದಾರಿ. ಹಿಂದೆ ಕುಳಿತವರು ಇದ್ದಲ್ಲಿಯೇ ಗಟ್ಟಿಯಾಗಿ ಕುಳಿತಿರಬೇಕಲ್ಲದೆ ಹಾರಬಾರದು. ವೇಗ ತೀರ ಕಡಿಮೆಯಾದ ಮೇಲೆ, ಗೇರಿನಲ್ಲಿದ್ದಂತೆಯೇ ಎಂಜಿನ್ನನ್ನು ಆರಿಸಬಹುದು.

ಎಲ್ಲ ವಾಹನಗಳಿಗೂ ಈ ಮೂರನೆಯ ಬ್ರೇಕು ಸಮನಾಗಿಲ್ಲ. ಗೇರಿಲ್ಲದ ಸ್ಕೂಟರುಗಳಲ್ಲಿ ವೇಗ ಇಳಿದಂತೆ ಕ್ಲಚ್ಚು ತಾನಾಗಿಯೇ ಬಿಟ್ಟುಕೊಳ್ಳುವುದರಿಂದ, ಕೊನೆಯ ಹಂತದಲ್ಲಿ ಎಂಜಿನ್ನಿನ ನೆರವು ಇರುವುದಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಪ್ರಸಿದ್ಧ ಗಾಡಿಗಳ ಎರಡು ಹೊಡೆತದ ಎಂಜಿನ್ನುಗಳಲ್ಲಿ ಈ ತಡೆ ನಾಲ್ಕು ಹೊಡೆತದವಕ್ಕಿಂತ ಕಡಿಮೆ. ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸುವ ಇಂಥ ಎಂಜಿನ್ನುಗಳಲ್ಲಿ, ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿಯೇ ಇದ್ದರೆ ಒಳಭಾಗಗಳಿಗೆ ಎಣ್ಣೆಯ ಕೊರತೆಯಾಗುತ್ತದೆ. ಆದುದರಿಂದ ಆಗಾಗ ಸ್ವಲ್ಪ ತೆರೆಯುವುದು ವಾಡಿಕೆ.

2019ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ 125 ಸಿಸಿಗಿಂತ ದೊಡ್ಡ ದ್ವಿಚಕ್ರ ವಾಹನಗಳಿಗೆ ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ವ್ಯವಸ್ಥೆಯನ್ನೂ, ಸಣ್ಣ ವಾಹನಗಳಿಗೆ ಅದನ್ನೋ ಒಂದನ್ನು ಒತ್ತಿದರೆ ಎರಡೂ ಹಿಡಿಯುವ ಕೂಡುಬ್ರೇಕನ್ನೋ ಕಡ್ಡಾಯ ಮಾಡಲಾಯಿತು. ಇವು ಉಪಕಾರಿಗಳೇ ಸರಿ. ಆದರೆ ಹರಿದ ಕೇಬಲ್ಲನ್ನು ಹೊಸೆಯುವ, ಸವೆದ ಪ್ಯಾಡನ್ನು ಬೆಳೆಸುವ ಶಕ್ತಿ ಇವುಗಳಿಗಿಲ್ಲ.

ಎಲ್ಲಕ್ಕಿಂತ ಮಿಗಿಲಾದ ಉಪಾಯವೆಂದರೆ ಮುನ್ನೆಚ್ಚರಿಕೆ. ಕೇಬಲ್ಲು ಒಮ್ಮೆಗೇ ಹರಿಯುವುದಿಲ್ಲ. ಲಿವರಿನ ಬಳಿಯ ಗುಂಡಿನಲ್ಲಿ ಒಂದೊಂದೇ ಎಳೆ ಮುರಿಯುತ್ತ ಬರುತ್ತದೆ. ಬ್ರೇಕ್ ಆಯಿಲ್ ಬಟ್ಟಲಿನ ಕೆಳಗೆರೆಯನ್ನು ಮುಟ್ಟುವ ಮೊದಲೇ ಕಣ್ಣಿಗೆ ಬೀಳುತ್ತದೆ. ಅದನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸುವುದು ಕ್ಷೇಮ. ಸವೆದ ಪ್ಯಾಡು ಕಿರುಗುಟ್ಟುತ್ತದೆ. ಸಡಿಲಾದ ಚೈನು ತೊನೆದಾಡುತ್ತದೆ. ಅದು ಕಳಚಿದರೆ ಎಂಜಿನ್ನಿನ ತಡೆಯೂ ಇಲ್ಲ. ಹೊರಡುವ ಮೊದಲು ಗಾಡಿಯನ್ನು ನಾಲ್ಕು ಹೆಜ್ಜೆ ತಳ್ಳಿ ಎರಡು ಬ್ರೇಕುಗಳನ್ನೂ ಬೇರೆಬೇರೆಯಾಗಿ ಹಿಡಿದು ನೋಡುವುದಕ್ಕೆ ಅರ್ಧ ನಿಮಿಷ ಸಾಕು. ಘಟ್ಟವಿಳಿಯುವಾಗ, ಏರಲು ಬೇಕಾಗುವ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಚಾಲಕರ ಮಾತು ಶಾಸ್ತ್ರಕ್ಕೂ ಒಪ್ಪುತ್ತದೆ.

ನಮ್ಮ ವಾಚಕರಲ್ಲಿ ಹಲವರಿಗೆ ಇನ್ನೂ ಲೈಸೆನ್ಸಿನ ವಯಸ್ಸಾಗಿರಲಿಕ್ಕಿಲ್ಲ. ಗೇರಿನ ಮೋಟಾರ್ ಸೈಕಲ್ಲಿಗೆ ಅದು 18 ವರ್ಷ. ಅಂಥವರು ಮನೆಯ ಹಿರಿಯರ ಗಾಡಿಯ ಕೇಬಲ್ಲು, ಬಟ್ಟಲು, ಚೈನುಗಳನ್ನು ವಾರಕ್ಕೊಮ್ಮೆ ಪರೀಕ್ಷಿಸುವ ಭಾರವನ್ನು ಇಂದೇ ವಹಿಸಿಕೊಳ್ಳಬಹುದು. ಸವಾರಿ ಕಲಿತವರು ಜನರಿಲ್ಲದ ಮೈದಾನದಲ್ಲಿ, ತಲೆಗೆ ಹೆಲ್ಮೆಟ್ ಧರಿಸಿ, ಸಾವಕಾಶವಾದ ವೇಗದಲ್ಲಿ, ಬ್ರೇಕನ್ನು ಮುಟ್ಟದೆ ಗೇರಿನಿಂದಲೇ ಗಾಡಿಯನ್ನು ನಿಲ್ಲಿಸುವುದನ್ನು ರೂಢಿಸಿಕೊಳ್ಳಬೇಕು. ಅಪಾಯದ ಗಳಿಗೆಯಲ್ಲಿ ಬುದ್ಧಿಗೆ ಯೋಚಿಸಲು ಬಿಡುವಿರುವುದಿಲ್ಲ. ಕೈಕಾಲುಗಳು ಮೊದಲೇ ಕಲಿತದ್ದನ್ನು ಮಾತ್ರ ಮಾಡಬಲ್ಲವು.